ಡಿಕ್ಕಿಯಿಲ್ಲದೆ ಅಡಗುವ ಅಲೆ

ಕೆರೆಗೆ ಕಲ್ಲೆಸೆದರೆ ಅಲೆಯೇಳುತ್ತದೆ. ತುಸು ಹೊತ್ತಿನಲ್ಲಿ ಅಡಗಿಹೋಗುತ್ತದೆ. ತಂಬೂರಿಯ ತಂತಿಯನ್ನು ಮೀಟಿದರೆ ನಾದ ಹೊಮ್ಮಿ ಕ್ರಮೇಣ ಕ್ಷೀಣಿಸುತ್ತದೆ. ಹೀಗೇಕೆಂದು ಕೇಳಿದರೆ ಭೌತಶಾಸ್ತ್ರವನ್ನು ಓದದವರೂ ಉತ್ತರ ಹೇಳಿಯಾರು: ಕಣಕ್ಕೆ ಕಣ ತಾಗಿ, ಉಜ್ಜಿ, ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಹಾಗಾದರೆ ಕಣಗಳು ಒಂದಕ್ಕೊಂದು ತಾಗದಿರುವ ಕಡೆಯಲ್ಲಿ ಅಲೆ ಎಂದೆಂದಿಗೂ ಅಡಗಬಾರದಷ್ಟೆ? ಅಲ್ಲಿಯೂ ಅಡಗುತ್ತದೆಂದು 1946ರಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಲಾಂಡೌ ಲೆಕ್ಕ ಹಾಕಿ ತೋರಿಸಿದರು. ಆ ಸೋಜಿಗವನ್ನು ಇತಿಹಾಸ, ಸಾಹಿತ್ಯಗಳನ್ನು ಓದುವ ನನ್ನ ಗೆಳೆಯರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಅನಿಲವನ್ನು ಬಹಳವಾಗಿ ಕಾಯಿಸಿದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಎಷ್ಟು ಕಾವಿಗೆ ಎಷ್ಟು ಪಾಲು ಕಳಚುವುದೆಂಬ ಸೂತ್ರವನ್ನು 1920ರಲ್ಲಿ ಕೊಟ್ಟವರು ನಮ್ಮ ದೇಶದ ಮೇಘನಾದ ಸಹಾ. ಋಣವಿದ್ಯುತ್ತಿನ ಎಲೆಕ್ಟ್ರಾನುಗಳೂ ಧನವಿದ್ಯುತ್ತಿನ ಅಯಾನುಗಳೂ ಕೂಡಿ ತಿರುಗುವ ಈ ಸ್ಥಿತಿಗೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟರು. ಸೂರ್ಯ, ನಕ್ಷತ್ರಗಳು, ಮಿಂಚು ಎಲ್ಲವೂ ಪ್ಲಾಸ್ಮಾವೇ.

ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳ ಗುಂಪೊಂದು ಪಕ್ಕಕ್ಕೆ ಸರಿಯಿತೆನ್ನೋಣ. ಹಿಂದೆ ಉಳಿದ ಅಯಾನುಗಳು ಅದನ್ನು ಮರಳಿ ಸೆಳೆಯುತ್ತವೆ. ಬಂದ ರಭಸದಲ್ಲಿ ಆ ಗುಂಪು ತನ್ನ ನೆಲೆಯನ್ನು ದಾಟಿ ಆಚೆಗೆ ಹೋಗುತ್ತದೆ. ಮತ್ತೆ ಸೆಳೆತ, ಮತ್ತೆ ದಾಟು. ಹೀಗೆ ಉಯ್ಯಾಲೆಯಂಥ ತೂಗಾಟ ಮೊದಲಾಗುತ್ತದೆ. ಒಂದು ಘನ ಸೆಂಟಿಮೀಟರಿನಲ್ಲಿ 10 ಲಕ್ಷ ಎಲೆಕ್ಟ್ರಾನುಗಳಿದ್ದರೆ ಸೆಕೆಂಡಿಗೆ ಸುಮಾರು 90 ಲಕ್ಷ ಬಾರಿ ಈ ತೂಗಾಟ ನಡೆಯುತ್ತದೆ. ಇದೇ ಅಲೆಯಾಗಿ ಮುಂದಕ್ಕೆ ಹರಿಯಬಲ್ಲದು.

1938ರಲ್ಲಿ ವ್ಲಾಸೊವ್ ಎಂಬುವರು, ಕಣಕಣಗಳ ಡಿಕ್ಕಿಯನ್ನು ಬದಿಗಿಟ್ಟು, ಎಲ್ಲ ಕಣಗಳೂ ಸೇರಿ ಉಂಟುಮಾಡುವ ವಿದ್ಯುತ್‌ಕ್ಷೇತ್ರವನ್ನು ಮಾತ್ರ ಗಣಿಸುವ ಸಮೀಕರಣವೊಂದನ್ನು ಬರೆದರು. ಅದರಲ್ಲಿ ನಷ್ಟಕ್ಕೆ ಎಡೆಯೇ ಇಲ್ಲ. ಲಾಂಡೌ ಅದೇ ಸಮೀಕರಣವನ್ನು ಎತ್ತಿಕೊಂಡು, ಆರಂಭದ ಸ್ಥಿತಿ ಇಂಥದಾದರೆ ಮುಂದೇನಾಗುವುದೆಂದು ಲೆಕ್ಕ ಮಾಡಿದಾಗ ಅಲೆ ಕುಗ್ಗುತ್ತಾ ಹೋಯಿತು! ನಷ್ಟವಿಲ್ಲದ ಸಮೀಕರಣದಿಂದ ನಷ್ಟ ಬಂದದ್ದು ಹೇಗೆ?

ಇದಕ್ಕೆ ನಮ್ಮೂರ ತೇರಿನ ಉಪಮೆಯನ್ನು ಕೊಡಬಹುದು. ತೇರು ಸಾಗುತ್ತಿದೆ, ನೂರಾರು ಜನ ಹಗ್ಗ ಹಿಡಿದಿದ್ದಾರೆ. ತೇರಿಗಿಂತ ತುಸು ವೇಗವಾಗಿ ನಡೆಯುವವನು ಅದನ್ನು ಎಳೆಯುತ್ತಾನೆ. ತನ್ನ ಶಕ್ತಿಯನ್ನು ಅದಕ್ಕೆ ಕೊಡುತ್ತಾನೆ. ತುಸು ನಿಧಾನವಾಗಿ ನಡೆಯುವವನನ್ನು ತೇರೇ ಎಳೆದೊಯ್ಯುತ್ತದೆ. ಅವನು ಅದರಿಂದ ಶಕ್ತಿಯನ್ನು ಪಡೆಯುತ್ತಾನೆ. ನಿಧಾನದವರೇ ಹೆಚ್ಚಾದರೆ ತೇರಿನ ವೇಗ ಕುಗ್ಗದೆ ಇದ್ದೀತೆ? ಪ್ಲಾಸ್ಮಾದಲ್ಲಿಯೂ ಹೀಗೆಯೇ. ಅಲೆಯ ವೇಗಕ್ಕೆ ಹತ್ತಿರದ ವೇಗವುಳ್ಳ ಎಲೆಕ್ಟ್ರಾನುಗಳು ಮಾತ್ರ ಅದರೊಡನೆ ನಿಜವಾದ ಕೊಡುಕೊಳ್ಳುವಿಕೆ ನಡೆಸಬಲ್ಲವು. ಮಿಕ್ಕವು ಅಲೆಯ ಉಬ್ಬುತಗ್ಗುಗಳನ್ನು ಬೇಗಬೇಗನೆ ದಾಟುವುದರಿಂದ, ಪಡೆದದ್ದೂ ಕೊಟ್ಟದ್ದೂ ಸರಿದೂಗಿಹೋಗುತ್ತದೆ. ಸಮಸ್ಥಿತಿಯಲ್ಲಿರುವ ಪ್ಲಾಸ್ಮಾದಲ್ಲಿ ವೇಗ ಹೆಚ್ಚಿದಷ್ಟೂ ಕಣಗಳ ಸಂಖ್ಯೆ ಕಡಿಮೆ. ಆದ್ದರಿಂದ ಕೊಡುವವುಗಳಿಗಿಂತ ಪಡೆಯುವವುಗಳೇ ಹೆಚ್ಚು, ಅಲೆ ಬಡವಾಗುತ್ತದೆ. ವೇಗದ ಎಲೆಕ್ಟ್ರಾನುಗಳ ಪ್ರವಾಹವೊಂದನ್ನು ಹೊರಗಿನಿಂದ ಹಾಯಿಸಿ ಈ ಲೆಕ್ಕವನ್ನು ತಿರುವುಮುರುವು ಮಾಡಿದರೆ ಅಲೆ ಅಡಗುವ ಬದಲು ಬೆಳೆಯತೊಡಗುತ್ತದೆ.

ಇದು ಕಾಗದದ ಮೇಲಿನ ಗಣಿತ ಮಾತ್ರವೆ? ಪ್ರಯೋಗದ ಸಾಕ್ಷ್ಯ ದೊರೆಯಲು 18 ವರ್ಷ ಬೇಕಾಯಿತು. 1964ರಲ್ಲಿ ಅಮೆರಿಕದ ಮಾಲ್ಮ್‌ಬರ್ಗ್ ಮತ್ತು ವಾರ್ಟನ್ ಎಂಬುವರು, ಡಿಕ್ಕಿಗಳು ಲೆಕ್ಕಕ್ಕೆ ಬಾರದಷ್ಟು ವಿರಳವಾದ ಪ್ಲಾಸ್ಮಾದಲ್ಲಿ ಅಲೆಯನ್ನು ಹಾಯಿಸಿ, ಅದು ಕುಗ್ಗುವುದನ್ನು ಅಳೆದರು. ಅಲೆಯ ವೇಗದಲ್ಲಿ ಓಡುವ ಎಲೆಕ್ಟ್ರಾನುಗಳೇ ಇದಕ್ಕೆ ಕಾರಣವೆಂಬುದೂ ತೋರಿಬಂತು.

ಇನ್ನೂ ಒಂದು ಪ್ರಶ್ನೆ ಉಳಿಯಿತು. ಅಡಗಿದ ಅಲೆ ನಿಜವಾಗಿ ಅಳಿದುಹೋಯಿತೆ? ಕಾಲೇಜಿನ ಕೊನೆಯ ಗಂಟೆ ಬಾರಿಸಿದೊಡನೆ ನಾವೆಲ್ಲ ಗುಂಪಾಗಿ ಬಾಗಿಲಿನಿಂದ ಹೊರಡುತ್ತೇವೆ. ಅರ್ಧ ಗಂಟೆಯಲ್ಲಿ ಗುಂಪು ಚದುರಿ ರಸ್ತೆಯುದ್ದಕ್ಕೂ ಹರಡಿಹೋಗುತ್ತದೆ. ಆದರೆ ಎಲ್ಲರೂ ಒಂದೇ ಕ್ಷಣದಲ್ಲಿ ಹಿಂದಿರುಗಿ, ತಮ್ಮ ತಮ್ಮ ಮೊದಲಿನ ವೇಗದಲ್ಲೇ ನಡೆದರೆ, ಬಾಗಿಲ ಬಳಿ ಅದೇ ಗುಂಪು ಒಮ್ಮೆಗೇ ನೆರೆಯುತ್ತದೆ. ಗುಂಪು ಮರೆಯಾದರೂ ಅದರ ನೆನಪು ಒಬ್ಬೊಬ್ಬರ ನಡಿಗೆಯಲ್ಲಿ ಉಳಿದಿತ್ತು. ಪ್ಲಾಸ್ಮಾದಲ್ಲಿ ಕಣಗಳನ್ನು ಹಿಂದಿರುಗಿಸದೆಯೇ ಇಂಥದೊಂದು ಪರಿಣಾಮವನ್ನು ಪಡೆಯಬಹುದು. ಒಂದೆಡೆ ಒಂದು ಅಲೆಯನ್ನೂ ತುಸು ದೂರದಲ್ಲಿ ಇನ್ನೊಂದು ಅಲೆಯನ್ನೂ ಎಬ್ಬಿಸಿದರೆ, ಎರಡೂ ಅಡಗಿದ ಬಳಿಕ ಇನ್ನೂ ಆಚೆಗೆ, ಯಾರೂ ಎಬ್ಬಿಸದ ಮೂರನೆಯ ಅಲೆಯೊಂದು ಮೂಡುತ್ತದೆ. ಪ್ಲಾಸ್ಮಾದ ಈ ಪ್ರತಿಧ್ವನಿಯನ್ನು ಮಾಲ್ಮ್‌ಬರ್ಗ್ ಮತ್ತು ಸಂಗಡಿಗರು 1968ರಲ್ಲಿ ಕಂಡರು. ನಷ್ಟವಿಲ್ಲದ ಸಮೀಕರಣ ಸುಳ್ಳಾಡಿರಲಿಲ್ಲ. ಅಲೆಯ ನೆನಪು ಕಣಗಳ ವೇಗಗಳಲ್ಲಿ ಅಡಗಿ ಕುಳಿತಿತ್ತು.

ಲಾಂಡೌ ಅವರ ಲೆಕ್ಕ ಸರಳಗೊಳಿಸಿದ ಸಮೀಕರಣದ್ದು. ಪೂರ್ಣ ಸಮೀಕರಣಕ್ಕೂ ಅದು ಹೊಂದುವುದೇ ಎಂಬ ಸಂದೇಹ ಬಹುಕಾಲ ಉಳಿದಿತ್ತು. ಸಮಸ್ಥಿತಿಗೆ ಹತ್ತಿರವಿರುವ ಪ್ಲಾಸ್ಮಾದಲ್ಲಿ ಹೊಂದುವುದೆಂದು ಫ್ರಾನ್ಸಿನ ಗಣಿತಜ್ಞರಾದ ಮುಓ ಮತ್ತು ವಿಲಾನಿ ಸಾಧಿಸಿದರು. ಈ ಸಾಧನೆಯೂ ಸೇರಿದಂತೆ ತಮ್ಮ ಕೆಲಸಕ್ಕಾಗಿ ವಿಲಾನಿಯವರು 2010ರಲ್ಲಿ ಫೀಲ್ಡ್ಸ್ ಪದಕವನ್ನು ಪಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ ನಡೆದ ಗಣಿತಜ್ಞರ ಮಹಾಸಮ್ಮೇಳನದಲ್ಲಿ.

ಕಣ್ಣಿಗೆ ಕಾಣದಾದದ್ದೆಲ್ಲ ಇಲ್ಲವಾಯಿತೆಂದು ತೀರ್ಮಾನಿಸಲು ನಾವು ಅವಸರಪಡುತ್ತೇವೆ. ಅದು ಎಲ್ಲಿಗೆ ಹೋಯಿತೆಂದು ಕೇಳುವ ತಾಳ್ಮೆಯೇ ವಿಜ್ಞಾನದ ಮೊದಲ ಪಾಠ.