ಹಿಮ್ಮಡಿಯ ನೋವು: ಮತ್ತೆ ನಡೆಯುವ ದಾರಿ

ದೇಹದ ಸಂಪೂರ್ಣ ಭಾರವನ್ನು ದಿನವಿಡೀ ಹೊರುವ ಅಂಗವೆಂದರೆ ಪಾದ. ಆದರೂ ಅದರ ಕಡೆಗೆ ನಮ್ಮ ಗಮನ ಹರಿಯುವುದು ಅದು ನೋಯತೊಡಗಿದಾಗ ಮಾತ್ರ. ಪಾದದ ನೋವು ತಿಂಗಳುಗಟ್ಟಲೆ ಉಳಿದರೆ ದುಡಿಮೆ ಕುಂಠಿತವಾಗುತ್ತದೆ, ನಡಿಗೆ ನಿಲ್ಲುತ್ತದೆ, ತೂಕ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಈ ನೋವಿನ ಒಂದು ಸಾಮಾನ್ಯ ಬಗೆಯನ್ನೂ ಅದರಿಂದ ಚೇತರಿಸಿಕೊಳ್ಳುವ ಕ್ರಮವನ್ನೂ ಈ ಪಾಠದಲ್ಲಿ ತಿಳಿಯೋಣ.

ಒಂದು ಉದಾಹರಣೆ

ಗುಜರಾತಿನ ವಡೋದರಾ ನಗರದ ಸಮೀಪದಲ್ಲಿ ಕೊಯಾಲಿ ಎಂಬ ಊರಿದೆ. ಸೋವಿಯತ್ ಒಕ್ಕೂಟದ ನೆರವಿನಿಂದ ಸ್ಥಾಪಿತವಾದ ತೈಲ ಶುದ್ಧೀಕರಣಾಗಾರವು ಅಲ್ಲಿ 1965ರಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಕೈಗಾರಿಕಾ ನೆಲೆಯಲ್ಲಿ ಪಾಳಿಯ ಮೇಲೆ ದುಡಿಯುವ, ನಲವತ್ತೈದು ವರ್ಷ ಪ್ರಾಯದ ಕನ್ನಡಿಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಗಟ್ಟಿ ಅಟ್ಟೆಯ ಸುರಕ್ಷಾ ಬೂಟು ಧರಿಸಿ ಎಂಟು ಗಂಟೆಗಳ ಕಾಲ ಕಾಂಕ್ರೀಟು ನೆಲದ ಮೇಲೆ ನಿಲ್ಲುವುದು, ಕಬ್ಬಿಣದ ಏಣಿ ಹತ್ತಿಳಿಯುವುದು ಅವನ ನಿತ್ಯದ ಕೆಲಸ. ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಹತ್ತು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುವ ಆ ನೋವು ಪಾಳಿ ಮುಗಿಯುವ ವೇಳೆಗೆ ಮರಳಿ ಬರುತ್ತದೆ. ರಜೆ ಹಾಕಿದರೆ ಸಂಸಾರ ಸಾಗದು, ಕೆಲಸಕ್ಕೆ ಹೋದರೆ ಕಾಲು ಕೇಳದು. ಅವನು ಮಾಡಬೇಕಾದುದೇನು?

ನೋವಿನ ಕಾರಣ

ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ, ಬಿಲ್ಲಿಗೆ ಕಟ್ಟಿದ ಹೆದೆಯಂತೆ, ಒಂದು ಬಲವಾದ ತಂತುಪಟ್ಟಿ ಹಬ್ಬಿದೆ. ವೈದ್ಯರು ಇದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗುವುದರಿಂದ ಈ ಪಟ್ಟಿ ಬಿಗಿದು, ಪಾದದ ಕಮಾನನ್ನು ಎತ್ತಿ ಹಿಡಿಯುತ್ತದೆ. ಜೆ. ಎಚ್. ಹಿಕ್ಸ್ ಎಂಬ ವಿಜ್ಞಾನಿ 1954ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು.

ಪಟ್ಟಿಯ ಶಕ್ತಿಯನ್ನು ಮೀರಿದ ಭಾರ ಅದರ ಮೇಲೆ ಪದೇ ಪದೇ ಬಿದ್ದಾಗ, ಅದು ಹಿಮ್ಮಡಿಗೆ ಅಂಟಿಕೊಂಡಿರುವ ಎಡೆಯಲ್ಲಿ ಸವೆದು ನೋಯುತ್ತದೆ. ದೀರ್ಘಕಾಲ ನಿಲ್ಲುವುದು, ದೇಹದ ಅಧಿಕ ತೂಕ, ಮೀನಖಂಡದ ಬಿಗಿತ, ಅಟ್ಟೆ ಸವೆದ ಪಾದರಕ್ಷೆ, ಅಭ್ಯಾಸವಿಲ್ಲದೆ ಒಮ್ಮೆಲೇ ಹೆಚ್ಚು ನಡೆಯುವುದು ಇದಕ್ಕೆ ಸಾಮಾನ್ಯ ಕಾರಣಗಳು. ಎಕ್ಸ್‌ರೇ ಚಿತ್ರದಲ್ಲಿ ಹಿಮ್ಮಡಿಯ ಮೂಳೆ ಮುಳ್ಳಿನಂತೆ ಬೆಳೆದಿರುವುದು ಕಂಡರೆ ಅನೇಕರು ಹೆದರುತ್ತಾರೆ. ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ಇಂತಹ ಬೆಳವಣಿಗೆ ಇರುತ್ತದೆ. ಆದುದರಿಂದ ಅದೊಂದನ್ನೇ ನೋವಿನ ಮೂಲವೆಂದು ಭಾವಿಸಬಾರದು.

ಮೊದಲ ಹಂತ: ಭಾರ ಇಳಿಸುವುದು

ಭಾರ ಇಳಿಸುವುದೆಂದರೆ ಹಾಸಿಗೆ ಹಿಡಿಯುವುದೆಂದಲ್ಲ. ಸಂಪೂರ್ಣ ವಿಶ್ರಾಂತಿಯಿಂದ ಪಟ್ಟಿಯೂ ಸ್ನಾಯುಗಳೂ ಮತ್ತಷ್ಟು ದುರ್ಬಲವಾಗುತ್ತವೆ. ನೋವು ಕೆರಳಿಸುವ ಓಟ, ನೆಗೆತ, ದೀರ್ಘಕಾಲದ ನಿಲುವು ಇವುಗಳನ್ನು ಕೆಲವು ವಾರ ಕಡಿಮೆ ಮಾಡಿ, ಸೈಕಲ್ ಸವಾರಿ ಅಥವಾ ಈಜನ್ನು ರೂಢಿಸಿಕೊಳ್ಳಬಹುದು. ಕಾರ್ಖಾನೆಯಲ್ಲಿ ಸುರಕ್ಷಾ ಬೂಟನ್ನು ತ್ಯಜಿಸುವಂತಿಲ್ಲ. ಅದರೊಳಗೆ ಮೆತ್ತನೆಯ ಒಳ ಅಟ್ಟೆ ಅಥವಾ ಹಿಮ್ಮಡಿಯ ಮೆತ್ತೆ ಇಡಬಹುದು. ಮನೆಯ ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವ ಬದಲು ಮೆತ್ತನೆಯ ಚಪ್ಪಲಿ ಧರಿಸುವುದು ಒಳ್ಳೆಯದು.

ಎರಡನೆಯ ಹಂತ: ಎಳೆತದ ವ್ಯಾಯಾಮ

ಬೆಳಿಗ್ಗೆ ಮೊದಲ ಹೆಜ್ಜೆ ಇಡುವುದಕ್ಕೆ ಮುಂಚೆಯೇ, ಹಾಸಿಗೆಯಲ್ಲಿ ಕುಳಿತು ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಇರಿಸಿಕೊಳ್ಳಬೇಕು. ಕೈಯಿಂದ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಬಾಗಿಸಿ, ಅಂಗಾಲು ಬಿಗಿಯುವಂತೆ 10 ಸೆಕೆಂಡು ಹಿಡಿಯಬೇಕು. ಹೀಗೆ 10 ಬಾರಿಯಂತೆ ದಿನಕ್ಕೆ ಮೂರು ಸಲ ಮಾಡಬೇಕು. ಗೋಡೆಗೆ ಕೈಕೊಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ವಾಲಿ ಮೀನಖಂಡವನ್ನೂ ಎಳೆಯಬೇಕು.

ಮೂರನೆಯ ಹಂತ: ಬಲವರ್ಧನೆ

ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲನ್ನೂರಿ, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು ನಿಲ್ಲಬೇಕು; ಆಧಾರಕ್ಕೆ ಗೋಡೆಯನ್ನೋ ಕಟಾಂಜನವನ್ನೋ ಹಿಡಿದಿರಬೇಕು. 3 ಸೆಕೆಂಡುಗಳಲ್ಲಿ ಹಿಮ್ಮಡಿಯನ್ನು ಮೇಲೆತ್ತಿ, 2 ಸೆಕೆಂಡು ನಿಂತು, 3 ಸೆಕೆಂಡುಗಳಲ್ಲಿ ಇಳಿಸಬೇಕು. ದಿನ ಬಿಟ್ಟು ದಿನ ಮಾಡಿದರೆ ಸಾಕು. ಆರಂಭದಲ್ಲಿ ಎರಡೂ ಕಾಲುಗಳ ಮೇಲೆ ಮಾಡಿ, ಶಕ್ತಿ ಬಂದಂತೆ ನೋಯುವ ಒಂದೇ ಕಾಲಿನ ಮೇಲೆ ಮಾಡಬಹುದು. ಡೆನ್ಮಾರ್ಕಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಕ್ರಮ ಅನುಸರಿಸಿದವರು ಮೂರು ತಿಂಗಳ ಹೊತ್ತಿಗೆ ಕೇವಲ ಎಳೆತದ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ವರ್ಷದ ಕೊನೆಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಎಂದರೆ ಯಾವ ಕ್ರಮವೇ ಆಗಲಿ, ತಾಳ್ಮೆ ಅಗತ್ಯ.

ಸ್ಟಿರಾಯ್ಡ್ ಚುಚ್ಚುಮದ್ದಿನಿಂದ ಕೆಲವು ವಾರಗಳ ಮಟ್ಟಿಗೆ ಉಪಶಮನ ದೊರೆಯಬಹುದು. ಆದರೆ ಅದರಿಂದ ಪಟ್ಟಿ ಹರಿಯುವ ಅಪಾಯವೂ ಇರುವುದರಿಂದ, ವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕು. ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದು ವಿರಳ.

ಮತ್ತೆ ನಡಿಗೆಗೆ

ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷದ ನಡಿಗೆಯಿಂದ ತೊಡಗಿ, ವಾರಕ್ಕೆ ಕೆಲವೇ ನಿಮಿಷ ಹೆಚ್ಚಿಸುತ್ತ ಹೋಗಬೇಕು. ಇದಕ್ಕೆ ಸರಳವಾದ ಅಳತೆಗೋಲೊಂದಿದೆ. ನಡೆಯುವಾಗ ಅಲ್ಪ ನೋವಿದ್ದರೂ ಅದು ಮರುದಿನ ಬೆಳಿಗ್ಗೆಯ ಮೊದಲ ಹೆಜ್ಜೆಯಲ್ಲಿ ಹೆಚ್ಚದಿದ್ದರೆ ಮುಂದುವರಿಯಬಹುದು. ಹೆಚ್ಚಿದರೆ ಒಂದು ಹಂತ ಹಿಂದೆ ಸರಿಯಬೇಕು.

ವಡೋದರಾದಲ್ಲಿ ನವರಾತ್ರಿಯ ಒಂಬತ್ತು ಇರುಳು ಸಾವಿರಾರು ಜನ ಗರ್ಬಾ ಆಡುತ್ತಾರೆ. ಅವರಲ್ಲಿ ಅನೇಕರು ಬರಿಗಾಲಿನಲ್ಲಿಯೇ ಕುಣಿಯುವುದುಂಟು. ನಮ್ಮ ನಾಡಿನಲ್ಲಿ ಶ್ರೀಶೈಲಕ್ಕೂ ಧರ್ಮಸ್ಥಳಕ್ಕೂ ಪಾದಯಾತ್ರೆ ಹೋಗುವ ರೂಢಿಯಿದೆ. ಇಂತಹವುಗಳಲ್ಲಿ ಪಾಲ್ಗೊಳ್ಳುವ ಆಸೆಯುಳ್ಳವರು ಮೂರು ತಿಂಗಳ ಮುಂಚೆಯೇ ಸಿದ್ಧತೆ ಆರಂಭಿಸಬೇಕು. ಪಾವಾಗಢದ ಬೆಟ್ಟ ಹತ್ತುವ ಸಾಹಸವನ್ನು ಕಡೆಗೆ ಇಟ್ಟುಕೊಳ್ಳಬೇಕು. ಅಲ್ಲಿ ರೋಪ್‌ವೇ ಇದೆ. ಮೊದಲ ಸಲ ಅದನ್ನು ಬಳಸುವುದರಲ್ಲಿ ನಾಚಿಕೆಯೇನೂ ಇಲ್ಲ.

ವೈದ್ಯರನ್ನು ಕೂಡಲೇ ಕಾಣಬೇಕಾದ ಸಂದರ್ಭಗಳು

1. ಮಧುಮೇಹವಿದ್ದು, ಪಾದದಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಅಥವಾ ಹುಣ್ಣಾಗಿದ್ದರೆ.
2. ಜ್ವರ, ಊತ, ಕೆಂಪು ಕಂಡುಬಂದರೆ. ರಾತ್ರಿ ಮಲಗಿದ್ದಾಗಲೂ ನೋವು ಬಿಡದಿದ್ದರೆ.
3. ಪೆಟ್ಟಿನ ನಂತರ ಕಾಲೂರಲು ಆಗದಿದ್ದರೆ. ಹಿಮ್ಮಡಿಯ ಎರಡು ಪಕ್ಕಗಳನ್ನು ಅದುಮಿದಾಗ ತೀವ್ರ ನೋವಾದರೆ.
4. ಎಳೆಯ ಪ್ರಾಯದವರಲ್ಲಿ ಎರಡೂ ಹಿಮ್ಮಡಿಗಳ ನೋವಿನ ಜೊತೆಗೆ ಬೆನ್ನಿನ ಬಿಗಿತವಿದ್ದರೆ.

1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯ ಮೂಲಕ ರೂಪುಗೊಂಡ ಯೋಜನೆಯ ವ್ಯಾಪ್ತಿಗೆ ಒಳಪಟ್ಟ ಕಾರ್ಮಿಕರು ಅದರ ಚಿಕಿತ್ಸಾಲಯಗಳಲ್ಲಿ ವೈದ್ಯರ ಸಲಹೆ ಪಡೆಯಬಹುದು.

ಉಪಸಂಹಾರ

ಈ ಬಗೆಯ ನೋವಿಗೆ ಗುರಿಯಾದವರಲ್ಲಿ ಬಹುಪಾಲು ಜನರು ಶಸ್ತ್ರಚಿಕಿತ್ಸೆಯಿಲ್ಲದೆಯೇ ಸುಮಾರು ಒಂದು ವರ್ಷದೊಳಗೆ ಗುಣ ಹೊಂದುತ್ತಾರೆ. ನಮ್ಮ ಉದಾಹರಣೆಯ ಕೆಲಸಗಾರನು ಕೆಲಸ ಬಿಡಬೇಕಾದುದೂ ಇಲ್ಲ, ನೋವನ್ನು ನುಂಗಿಕೊಂಡು ದುಡಿಯಬೇಕಾದುದೂ ಇಲ್ಲ. ಪಾದವು ತಾಳುವಷ್ಟೇ ಭಾರವನ್ನು ಅದಕ್ಕೆ ಕೊಟ್ಟು, ತಾಳುವ ಶಕ್ತಿಯನ್ನು ದಿನದಿನಕ್ಕೆ ಬೆಳೆಸಿಕೊಳ್ಳುವುದೇ ಅವನ ಮುಂದಿರುವ ದಾರಿ.