ಉಪ್ಪು ಬಿಡಿಸಿದ್ದು ಏನನ್ನು? ಒಂದು ಅಭ್ಯಾಸ ಪಾಠದ ಅನುಭವ

ಹತ್ತನೇ ತರಗತಿಯಲ್ಲಿ ಅಯಾನಿಕ ಸಂಯುಕ್ತಗಳ ಪಾಠ ಮುಗಿದ ಮೇಲೆ, ವಿಸ್ತರಣಾ ಪಾಠಕ್ಕೆ ಆವೇಶವುಳ್ಳ ಪಾಲಿಮರ್ ಪದರಗಳನ್ನು ಆರಿಸಿಕೊಂಡೆ. 1990ರ ದಶಕದ ಆರಂಭದಲ್ಲಿ ಗೆರೊ ಡೆಕರ್ ಮತ್ತು ಸಂಗಡಿಗರು ರೂಪಿಸಿದ ವಿಧಾನ ಸರಳ: ಗಾಜಿನ ಪಟ್ಟಿಯನ್ನು ಧನಾವೇಶದ ಪಾಲಿಮರ್ ದ್ರಾವಣದಲ್ಲಿ ಅದ್ದಿ, ತೊಳೆದು, ಋಣಾವೇಶದ ಪಾಲಿಮರ್ ದ್ರಾವಣದಲ್ಲಿ ಅದ್ದುವುದು, ಮತ್ತೆ ಮೊದಲಿನಿಂದ. ಒಂದೊಂದು ಪದರ ಕೆಲವೇ ನ್ಯಾನೊಮೀಟರ್ ದಪ್ಪ.

ಚಟುವಟಿಕೆಗೆ ಎರಡು ಹಗ್ಗ ತಂದೆ. ಒಂದನ್ನು ಧನ ಚೀಟಿಯವರು, ಇನ್ನೊಂದನ್ನು ಋಣ ಚೀಟಿಯವರು ಎಡಗೈಯಲ್ಲಿ ಹಿಡಿದರು. ಬಲಗೈಯಿಂದ ಎದುರಿನವರ ಕೈ ಹಿಡಿದರು. ಸೋಡಿಯಂ, ಕ್ಲೋರೈಡ್ ಆದವರಿಗೆ "ಹೋಗಿ ಬಿಡಿಸಿ" ಎಂದೆ. ತಪ್ಪಾದದ್ದು ಅಲ್ಲಿಯೇ. ಎಳೆದಾಟದಲ್ಲಿ ಹಗ್ಗವೇ ಕೈತಪ್ಪಿತು, ತರಗತಿ ನಕ್ಕಿತು. ಮೌಲ್ಯಮಾಪನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು "ಉಪ್ಪು ಪಾಲಿಮರನ್ನು ಕತ್ತರಿಸುತ್ತದೆ" ಎಂದು ಬರೆದಿದ್ದರು. ಅದನ್ನು ಕಲಿಸಿದವಳು ನಾನೇ. ಮಾರ್ಗದರ್ಶಕ ಅಧ್ಯಾಪಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಉಪ್ಪು ಬಿಡಿಸಿದ್ದು ಏನನ್ನು?"

ಮರುದಿನ ನಿಯಮ ಬದಲಿಸಿದೆ. ಹಗ್ಗವನ್ನು ಯಾರೂ ಬಿಡುವಂತಿಲ್ಲ. ಸೋಡಿಯಂ ಋಣದವರ ಕೈ ಹಿಡಿಯಬೇಕು, ಕ್ಲೋರೈಡ್ ಧನದವರ ಕೈ. ಉಪ್ಪಿಲ್ಲದಾಗ ಒಂದು ಹಗ್ಗದವರಿಗೆ ಪಕ್ಕಕ್ಕೆ ಸರಿಯಿರಿ ಎಂದರೆ ಕದಲಲಾಗಲಿಲ್ಲ. ಒಂದು ಜೋಡಿ ಉಪ್ಪು ಬಂದಾಗ ತುದಿಯವನೊಬ್ಬ ಅಲುಗಾಡಿದ, ಅಷ್ಟೇ. ಮೂರು ಜೋಡಿ ಬಂದಾಗ ಇಡೀ ಸಾಲು ಒಂದು ಹೆಜ್ಜೆ ಸರಿದು ಹೊಸಬರ ಕೈ ಹಿಡಿಯಿತು. ಹಗ್ಗಕ್ಕೆ ಇನ್ನಷ್ಟು ಮಕ್ಕಳನ್ನು ಸೇರಿಸಿದಾಗ ಸರಿಯುವುದು ನಿಧಾನವಾಯಿತು. ಉದ್ದ ಸರಪಳಿಗಳ ಚಲನೆ ಏಕೆ ನಿಧಾನ ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ.

"ಮಿಸ್, ಎಲ್ಲರ ನಡುವೆಯೂ ಉಪ್ಪು ಬಂದರೆ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಮಾಡಿಯೇ ನೋಡಿದೆವು: ಹಗ್ಗಗಳೆರಡೂ ಬೇರೆಯಾದವು. ಉಪ್ಪಿನ ಸಾಂದ್ರತೆ ಬಹಳ ಹೆಚ್ಚಾದರೆ ಇಂತಹ ಕೆಲವು ಪೊರೆಗಳು ನಿಜಕ್ಕೂ ಬಿಚ್ಚಿಕೊಂಡು ಕರಗುತ್ತವೆ.

ಒಳಗಿನ ಚಲನೆ ಗೊತ್ತಾಗುವುದು ಹೇಗೆ ಎಂಬುದಕ್ಕೆ ಕಪ್ಪುಹಲಗೆಯೇ ಸಾಕಾಯಿತು. ಕೆಲವು ಪದರಗಳಲ್ಲಿ ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ಪಾಲಿಮರ್ ಬಳಸಿದರೆ ನ್ಯೂಟ್ರಾನ್‌ಗಳಿಗೆ ಅವು ಬೇರೆಯಾಗಿ ಕಾಣುತ್ತವೆ. ಪೊರೆಯನ್ನು ಉಪ್ಪುನೀರಿನಲ್ಲಿಟ್ಟರೆ ಆ ಪದರಗಳ ಅಂಚು ಕ್ರಮೇಣ ಮಸುಕಾಗುತ್ತದೆ.

ನನ್ನ ಚಟುವಟಿಕೆಯಲ್ಲಿ ಎರಡು ಕೊರತೆ ಉಳಿದಿವೆ. ನಿಜವಾದ ಪದರಗಳು ಇಷ್ಟು ನೇರ ಸಾಲಿನಲ್ಲಿರದೆ ಅಕ್ಕಪಕ್ಕದ ಸರಪಳಿಗಳು ಹೆಣೆದುಕೊಂಡಿರುತ್ತವೆ. ಇನ್ನೊಂದು, ಒಣಗಿದ ಪೊರೆಯಲ್ಲಿ ಸರಪಳಿಗಳು ಹೆಚ್ಚುಕಡಿಮೆ ಸ್ಥಿರ. ಅವು ಸರಿಯಲು ನೀರೂ ಬೇಕು. ನೀರಿನ ಪಾತ್ರವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಮುಂದಿನ ಪಾಠ ಯೋಜನೆಯಲ್ಲಿ ಅದಕ್ಕೆ ನಾಲ್ವರನ್ನು ಬರೆದುಕೊಂಡಿದ್ದೇನೆ.