ದರ ಹೆಚ್ಚು, ಹಣ ಕಡಿಮೆ: ಮನೆ ತೆರಿಗೆಯಿಂದ ಶೇಕಡಾ ಪಾಠ

ಶೇಕಡಾ ಲೆಕ್ಕಗಳನ್ನು ಕಲಿಸುವಾಗ ನಾವು ಸಾಮಾನ್ಯವಾಗಿ ಲಾಭ–ನಷ್ಟ, ರಿಯಾಯಿತಿ, ಬಡ್ಡಿ ಇವುಗಳ ಉದಾಹರಣೆಗಳನ್ನೇ ಬಳಸುತ್ತೇವೆ. ಮಕ್ಕಳು ಸೂತ್ರ ಹಾಕಿ ಉತ್ತರ ತರುತ್ತಾರೆ. ಆದರೆ ‘ಶೇಕಡಾ ಎಷ್ಟು?’ ಎಂದು ಕೇಳಿದಷ್ಟು ಸಲ ‘ಯಾವುದರ ಶೇಕಡಾ?’ ಎಂದು ನಾವು ಕೇಳುವುದಿಲ್ಲ. ಹೀಗಾಗಿ ದರ ದೊಡ್ಡದಾದರೆ ಮೊತ್ತವೂ ದೊಡ್ಡದು ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಇದನ್ನು ಸರಿಪಡಿಸುವ ಉದ್ದೇಶದಿಂದ ಬೋಧನಾಭ್ಯಾಸದ ಅವಧಿಯಲ್ಲಿ ಸರ್ಕಾರಿ ಪ್ರೌಢಶಾಲೆಯೊಂದರ ಎಂಟನೇ ತರಗತಿಗೆ ನಾನು ಎರಡು ಅವಧಿಗಳ ಪಾಠವೊಂದನ್ನು ಸಿದ್ಧಪಡಿಸಿದೆ. ವಿಷಯವಸ್ತು: ಅಮೆರಿಕದಲ್ಲಿ ಮನೆ ತೆರಿಗೆಯಿಂದ ಶಾಲೆಗಳಿಗೆ ಹಣ ಹೇಗೆ ಬರುತ್ತದೆ ಎಂಬುದು.

ಕಲಿಕೆಯ ಉದ್ದೇಶಗಳು

1. ದರ, ಮೂಲಮೊತ್ತ, ಸಂಗ್ರಹ – ಈ ಮೂರರ ಸಂಬಂಧವನ್ನು ವಿದ್ಯಾರ್ಥಿಯು ವಿವರಿಸುವನು.
2. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಎಂಬ ದರಗಳನ್ನು ಪರಸ್ಪರ ಪರಿವರ್ತಿಸುವನು.
3. ಎರಡು ಊರುಗಳ ಅಂಕಿಗಳನ್ನು ಹೋಲಿಸಿ, ವ್ಯತ್ಯಾಸದ ಕಾರಣವನ್ನು ಲೆಕ್ಕದಿಂದ ಸಮರ್ಥಿಸುವನು.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಅಮೆರಿಕದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಇವು ನಮ್ಮ ಜಿಲ್ಲೆಗಳಂತಲ್ಲ. ಒಂದೇ ನಗರದೊಳಗೆ ಹಲವು ಶಾಲಾ ಜಿಲ್ಲೆಗಳಿರಬಹುದು. ಸರ್ಕಾರಿ ಶಾಲೆಗಳ ಒಟ್ಟು ಆದಾಯದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸ್ಥಳೀಯವಾಗಿ ಸಂಗ್ರಹವಾಗುತ್ತದೆ, ಅದರ ಬಹುಪಾಲು ಆಸ್ತಿ ತೆರಿಗೆ. ಉಳಿದುದರಲ್ಲಿ ದೊಡ್ಡ ಪಾಲು ರಾಜ್ಯದ್ದು, ಸಣ್ಣ ಪಾಲು ಒಕ್ಕೂಟ ಸರ್ಕಾರದ್ದು.

ಒಹಾಯೊ ರಾಜ್ಯದ ಪದ್ಧತಿ ತರಗತಿಗೆ ಅನುಕೂಲಕರ. ಅಲ್ಲಿ ಮನೆಯ ಮಾರುಕಟ್ಟೆ ಬೆಲೆಯ ಶೇ. 35ರಷ್ಟನ್ನು ಮಾತ್ರ ತೆರಿಗೆಗೆ ಲೆಕ್ಕ ಹಿಡಿಯುತ್ತಾರೆ. ತೆರಿಗೆಯ ದರವನ್ನು ‘ಮಿಲ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮಿಲ್ ಎಂದರೆ ಸಾವಿರದಲ್ಲಿ ಒಂದು ಭಾಗ. ಒಂದು ಮಿತಿಯ ಆಚೆಗೆ ತೆರಿಗೆ ಹಾಕಬೇಕಾದರೆ ಶಾಲಾ ಜಿಲ್ಲೆಯು ಮತದಾರರ ಒಪ್ಪಿಗೆ ಪಡೆಯಬೇಕು. ಇಂಥ ತೆರಿಗೆಯನ್ನು ಅಲ್ಲಿ ಲೆವಿ ಎನ್ನುತ್ತಾರೆ. ಮತದಾರರು ಬೇಡವೆಂದರೆ ಲೆವಿ ಬಿದ್ದುಹೋಗುತ್ತದೆ. 1976ರ ಕಾನೂನೊಂದರ ಪ್ರಕಾರ, ಮತ ಪಡೆದ ಸಾಮಾನ್ಯ ಲೆವಿಯಿಂದ ಈಗಿರುವ ಕಟ್ಟಡಗಳ ಮೇಲೆ ಬರುವ ಹಣ, ಕಟ್ಟಡಗಳ ಬೆಲೆಯನ್ನು ಹೊಸದಾಗಿ ಏರಿಸಿದರೂ, ಹೆಚ್ಚುವುದಿಲ್ಲ. ಬೆಲೆ ಏರಿದಷ್ಟೂ ದರ ತಾನಾಗಿ ಇಳಿಯುತ್ತದೆ. ಮನೆಯವರಿಗೆ ಇದು ರಕ್ಷಣೆ. ಆದರೆ ಖರ್ಚು ಏರುತ್ತಾ ಹೋಗುವ ಶಾಲೆಯು ಮತ್ತೆ ಮತ್ತೆ ಮತದಾರರ ಬಳಿ ಹೋಗಬೇಕಾಗುತ್ತದೆ. ಸ್ಥಳೀಯ ಆಸ್ತಿ ತೆರಿಗೆಯ ಮೇಲೆ ಅತಿಯಾಗಿ ಅವಲಂಬಿಸಿದ ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ಒಹಾಯೊದ ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪು ಕೊಟ್ಟಿತು.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ಕಪ್ಪುಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ. ‘ಒಂದು ಊರು ನೂರಕ್ಕೆ 1.05ರಂತೆ ತೆರಿಗೆ ಹಾಕುತ್ತದೆ, ಇನ್ನೊಂದು ಊರು ನೂರಕ್ಕೆ 0.85ರಂತೆ. ಯಾವ ಊರಿನ ಶಾಲೆಗೆ ಹೆಚ್ಚು ಹಣ ಸಿಗುತ್ತದೆ?’ ಹೆಚ್ಚಿನವರು ಮೊದಲನೆಯ ಊರು ಎಂದರು. ಉತ್ತರ ಸರಿಯೋ ತಪ್ಪೋ ಹೇಳದೆ ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಅನ್ವೇಷಣೆ: ಒಹಾಯೊದ ಲೆಕ್ಕವನ್ನು ಗುಂಪುಗಳಿಗೆ ಕೊಟ್ಟೆ. ಮನೆಯ ಬೆಲೆ 1,00,000 ಡಾಲರ್. ಲೆಕ್ಕ ಹಿಡಿಯುವ ಮೌಲ್ಯ ಅದರ ಶೇ. 35, ಅಂದರೆ 35,000. ಒಂದು ಮಿಲ್‌ಗೆ ತೆರಿಗೆ 35 ಡಾಲರ್. ಐದು ಮಿಲ್‌ಗಳ ಲೆವಿಗೆ ಮತದಾರರು ಒಪ್ಪಿದರೆ ವರ್ಷಕ್ಕೆ 175 ಡಾಲರ್. ಅದು ಮನೆಯ ಪೂರ್ಣ ಬೆಲೆಯ ಶೇಕಡಾ ಎಷ್ಟು? ಶೇ. 0.175. ‘ಐದು ಮಿಲ್ ಎಂದರೆ ಶೇ. ಅರ್ಧ ಅಲ್ಲವೇ?’ ಎಂದು ಒಂದು ಗುಂಪು ಕೇಳಿತು. ಹೌದು, 35,000ದ ಶೇ. ಅರ್ಧ, ಒಂದು ಲಕ್ಷದ ಶೇ. ಅರ್ಧ ಅಲ್ಲ. ‘ಯಾವುದರ ಶೇಕಡಾ?’ ಎಂಬ ಪ್ರಶ್ನೆ ಮಕ್ಕಳಿಂದಲೇ ಹುಟ್ಟುವುದು ಇಲ್ಲಿಂದ.

ವಿವರಣೆ: ಎರಡನೆಯ ಅವಧಿಯಲ್ಲಿ ನಿಜವಾದ ಎರಡು ಊರುಗಳ ಅಂಕಿಗಳನ್ನು ತಂದೆ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಡ್ಜ್‌ವುಡ್ ಮತ್ತು ಅಲಾಮೊ ಹೈಟ್ಸ್ ಎಂಬ ಎರಡು ಶಾಲಾ ಜಿಲ್ಲೆಗಳಿವೆ. 1967–68ರ ಇವುಗಳ ಲೆಕ್ಕ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೇ ದಾಖಲಾಗಿದೆ. ಎಡ್ಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಪಾಲಿಗೆ ಬರುವ ಆಸ್ತಿಮೌಲ್ಯ 5,960 ಡಾಲರ್. ದರ ನೂರಕ್ಕೆ 1.05. ಆ ನಗರ ಪ್ರದೇಶದಲ್ಲೇ ಅತಿ ಹೆಚ್ಚಿನ ದರ ಅದು. ಅಲಾಮೊ ಹೈಟ್ಸ್‌ನಲ್ಲಿ ಆಸ್ತಿಮೌಲ್ಯ 49,000 ಡಾಲರ್‌ಗೂ ಹೆಚ್ಚು. ದರ ನೂರಕ್ಕೆ 0.85.

ಮಕ್ಕಳು ಗುಣಿಸಿದರು. ಎಡ್ಜ್‌ವುಡ್: 59.60 × 1.05 = 62.58 ಡಾಲರ್. ಅಲಾಮೊ ಹೈಟ್ಸ್: 490 × 0.85 = 416.50 ಡಾಲರ್. ಮೂಲೆಯಲ್ಲಿ ಬರೆದಿಟ್ಟಿದ್ದ ಉತ್ತರದ ಕಡೆಗೆ ಎಲ್ಲರ ಕಣ್ಣು ಹೋಯಿತು. ಸುಮಾರು ಕಾಲು ಭಾಗ ಹೆಚ್ಚು ದರ ಕಟ್ಟಿದವರಿಗೆ ಸಿಕ್ಕಿದ್ದು ಆರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಲ್ಲೊಂದು ಸೂಕ್ಷ್ಮವಿದೆ. ತೀರ್ಪಿನಲ್ಲಿ ಸ್ಥಳೀಯ ಹಣ ಎಂದು ಕಾಣುವುದು 26 ಮತ್ತು 333 ಡಾಲರ್. ರಾಜ್ಯದ ಕನಿಷ್ಠ ಶಿಕ್ಷಣ ಯೋಜನೆಗೆ ಪ್ರತಿ ಜಿಲ್ಲೆಯೂ ಕೊಡಬೇಕಾದ ಪಾಲನ್ನು ಕಳೆದ ಮೇಲೆ ಉಳಿದ ಮೊತ್ತಗಳಿವು. ಇದನ್ನು ಮಕ್ಕಳಿಗೆ ಹೇಳಿಯೇ ಮುಂದೆ ಹೋಗಬೇಕು. ಮೇಲಿಂದ ಬಂದ ಹಣವನ್ನೂ ಸೇರಿಸಿದರೆ ಪಟ್ಟಿ ಹೀಗಾಗುತ್ತದೆ:

ಎಡ್ಜ್‌ವುಡ್: ಸ್ಥಳೀಯ 26 + ರಾಜ್ಯ 222 + ಒಕ್ಕೂಟ 108 = 356 ಡಾಲರ್.
ಅಲಾಮೊ ಹೈಟ್ಸ್: ಸ್ಥಳೀಯ 333 + ರಾಜ್ಯ 225 + ಒಕ್ಕೂಟ 36 = 594 ಡಾಲರ್.

ರಾಜ್ಯದ ಹಣ ಇಬ್ಬರಿಗೂ ಹೆಚ್ಚುಕಡಿಮೆ ಸಮ. ಒಕ್ಕೂಟದ ಹಣ ಬಡ ಜಿಲ್ಲೆಗೆ ಮೂರು ಪಟ್ಟು. ಆದರೂ ಅಂತರ 238 ಡಾಲರ್ ಉಳಿಯಿತು. ಅದು ಎಲ್ಲಿಂದ ಬಂತು ಎಂಬುದನ್ನು ಪಟ್ಟಿ ನೋಡಿ ಮಕ್ಕಳೇ ಹೇಳಿದರು.

ವಿಸ್ತರಣೆ: ‘ಎಡ್ಜ್‌ವುಡ್‌ನವರು ತಲಾ 416.50 ಡಾಲರ್ ಸಂಗ್ರಹಿಸಬೇಕಾದರೆ ದರ ಎಷ್ಟಿರಬೇಕು?’ 416.50 ÷ 59.60, ನೂರಕ್ಕೆ ಸುಮಾರು 7 ಡಾಲರ್. ‘ಅಷ್ಟು ತೆರಿಗೆ ಕಟ್ಟುವುದಕ್ಕಿಂತ ಮನೆ ಮಾರೋದೇ ವಾಸಿ ಸಾರ್’ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ತರಗತಿ ನಕ್ಕಿತು. ಆದರೆ ‘ಕೊಳ್ಳುವವರು ಯಾರು?’ ಎಂದು ಒಬ್ಬ ಹುಡುಗಿ ಕೇಳಿದಾಗ ನಗು ನಿಂತಿತು. ತೆರಿಗೆ ಹೆಚ್ಚಿರುವ, ಶಾಲೆ ಸೊರಗಿರುವ ಊರಿನಲ್ಲಿ ಮನೆಗೆ ಬೆಲೆ ಬರುವುದಿಲ್ಲ. ಬೆಲೆ ಬಾರದಿದ್ದರೆ ಮೂಲಮೊತ್ತ ಇನ್ನೂ ಕುಗ್ಗುತ್ತದೆ. ಈ ಸುತ್ತನ್ನು ಹಲಗೆಯ ಮೇಲೆ ಬಾಣದ ಗುರುತುಗಳಿಂದ ಬರೆದೆವು.

ಮುಂದಿನ ಕಥೆಯನ್ನು ಐದು ನಿಮಿಷದಲ್ಲಿ ಹೇಳಿದೆ. 1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಪ್ರೌಢಶಾಲೆಯ ವಿದ್ಯಾರ್ಥಿಗಳೇ ಶಾಲೆಯ ದುಃಸ್ಥಿತಿಯನ್ನು ಪ್ರತಿಭಟಿಸಿ ತರಗತಿಯಿಂದ ಹೊರನಡೆದರು. ಅದೇ ವರ್ಷ ಡಿಮೆಟ್ರಿಯೊ ರಾಡ್ರಿಗಸ್ ಮತ್ತು ಇತರ ಪೋಷಕರು ದಾವೆ ಹೂಡಿದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅವರ ವಿರುದ್ಧ ತೀರ್ಪು ನೀಡಿತು. ಎಡ್ಜ್‌ವುಡ್ ರಾಜ್ಯದ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1989ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಪದ್ಧತಿಯನ್ನು ತಳ್ಳಿಹಾಕಿತು. ಆಗ ಅತಿ ಸಿರಿವಂತ ಮತ್ತು ಅತಿ ಬಡ ಜಿಲ್ಲೆಗಳ ತಲಾ ಆಸ್ತಿಯ ಅನುಪಾತ 700:1 ಇತ್ತು. ಸಿರಿವಂತ ಜಿಲ್ಲೆಗಳ ತೆರಿಗೆಯ ಒಂದು ಭಾಗವನ್ನು ಉಳಿದವರಿಗೆ ಹಂಚುವ ಕಾನೂನು 1993ರಲ್ಲಿ ಬಂತು.

ನಮ್ಮ ಊರಿಗೆ ಜೋಡಣೆ

ನಮ್ಮಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ಸಂಬಳ ರಾಜ್ಯ ಸರ್ಕಾರದಿಂದ ಬರುತ್ತದೆ. ಊರಿನ ಮನೆಗಳ ಬೆಲೆಯ ಮೇಲೆ ಅದು ನಿಂತಿಲ್ಲ. ಆದರೆ ತೆರಿಗೆಯ ಮೇಲೆ ಕರ ಹಾಕಿ ಒಂದು ಸಾರ್ವಜನಿಕ ಸೇವೆ ನಡೆಸುವ ಪದ್ಧತಿ ನಮಗೂ ಪರಿಚಿತ: ಗ್ರಂಥಾಲಯ ಕರ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಈ ಮೂರೂ ಕೂಡಿ ಶೇ. 24 ಸೇರುತ್ತದೆ. ತೆರಿಗೆ 2,000 ರೂಪಾಯಿ ಆದರೆ ಗ್ರಂಥಾಲಯಕ್ಕೆ 120 ರೂಪಾಯಿ. ಇದು ಮನೆಯ ಬೆಲೆಯ ಶೇ. 6 ಅಲ್ಲ, ತೆರಿಗೆಯ ಶೇ. 6. ಮತ್ತೆ ಅದೇ ಪ್ರಶ್ನೆ: ಯಾವುದರ ಶೇಕಡಾ?

ಮೌಲ್ಯಮಾಪನ

1. 12 ಮಿಲ್ ದರವನ್ನು ಶೇಕಡಾದಲ್ಲಿ ಬರೆಯಿರಿ.
2. ತೆರಿಗೆ 3,500 ರೂಪಾಯಿ ಆದಾಗ ಶೇ. 24ರಂತೆ ಕರ ಸೇರಿ ಒಟ್ಟು ಎಷ್ಟು?
3. ‘ದರ ಹೆಚ್ಚಿದ್ದರೂ ಸಂಗ್ರಹ ಕಡಿಮೆ ಇರಬಹುದು.’ ನಿಮ್ಮದೇ ಅಂಕಿಗಳಿಂದ ತೋರಿಸಿ.

ಮೂರನೆಯ ಪ್ರಶ್ನೆಯೇ ಈ ಪಾಠದ ನಿಜವಾದ ಪರೀಕ್ಷೆ. ಅದಕ್ಕೆ ಒಬ್ಬ ವಿದ್ಯಾರ್ಥಿ ಹಾಲಿನ ಡೇರಿಯ ಉದಾಹರಣೆ ಬರೆದಿದ್ದ: ಲೀಟರಿಗೆ ಹೆಚ್ಚು ಬೆಲೆ ಸಿಕ್ಕರೂ ಒಂದೇ ಹಸು ಇರುವವನಿಗೆ ಕೈಗೆ ಬರುವುದು ಕಡಿಮೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು

ಮಕ್ಕಳ ಸ್ವಂತ ಮನೆಯ ತೆರಿಗೆ ರಸೀದಿಯನ್ನು ತರಗತಿಗೆ ತರಿಸುವ ಆಸೆ ಬರಬಹುದು. ನಾನು ತರಿಸಲಿಲ್ಲ. ಬಾಡಿಗೆ ಮನೆಯ ಮಕ್ಕಳು, ಹಕ್ಕುಪತ್ರವಿಲ್ಲದ ಮನೆಯ ಮಕ್ಕಳು ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಲೆಕ್ಕ ಕಲಿಸಲು ಹೊರಟು ಅವರನ್ನು ಹೋಲಿಕೆಗೆ ಇಡಬಾರದು. ಕಲ್ಪಿತ ರಸೀದಿ ಸಾಕು.

ಇನ್ನೊಂದು, ಪಾಠದ ಕೊನೆಗೆ ‘ಹಾಗಾದರೆ ಯಾವ ಪದ್ಧತಿ ಒಳ್ಳೆಯದು ಸಾರ್?’ ಎಂದು ಕೇಳಿಯೇ ಕೇಳುತ್ತಾರೆ. ಸ್ಥಳೀಯ ತೆರಿಗೆಯ ಪರವಾಗಿಯೂ ಮಾತಿದೆ: ತಾವೇ ಮತ ಹಾಕಿ ಕೊಟ್ಟ ಹಣ ಎಲ್ಲಿ ಹೋಯಿತೆಂದು ಜನ ಶಾಲೆಗೆ ಬಂದು ಕೇಳುತ್ತಾರೆ. ಎಲ್ಲವೂ ರಾಜಧಾನಿಯಿಂದ ಬಂದರೆ ಆ ಕೇಳುವ ಅಭ್ಯಾಸ ಸಡಿಲವಾಗಬಹುದು. ಎರಡೂ ಬದಿಯನ್ನು ಹೇಳಿ ತೀರ್ಮಾನವನ್ನು ಮಕ್ಕಳಿಗೆ ಬಿಡಬಹುದು. ಆದರೆ 1.05 ಕಟ್ಟಿದ ಊರಿನ ಮಗುವಿಗೆ ಶಾಲೆ ಸೊರಗಿದ್ದು ಅಪ್ಪ–ಅಮ್ಮ ಕೊಡಲೊಪ್ಪದೆ ಅಲ್ಲ ಎಂಬುದು ಅಭಿಪ್ರಾಯದ ವಿಷಯವಲ್ಲ. ಅದು ಲೆಕ್ಕ. ಗಣಿತ ಶಿಕ್ಷಕರಾದ ನಾವು ಅಷ್ಟನ್ನಾದರೂ ಸ್ಪಷ್ಟವಾಗಿ ಹೇಳಬೇಕು.